ಮೊದಲ ಗ್ಲಾಸು ನೋರ್ಕಾಳದು

ನಮ್ಮ ಬೀದಿಯಲ್ಲಿ ಪೊಯಾದಾ ಮಾಡುವುದು ಕೆಟ್ಟುಹೋದ ಮೂತ್ರಪಿಂಡಕ್ಕೆ, ಶವಪೆಟ್ಟಿಗೆಗೆ, ಅರ್ಧಕ್ಕೆ ನಿಂತ ಮಾಳಿಗೆಯ ಕಾಂಕ್ರೀಟಿಗೆ. ಗಡ್ಡಕ್ಕೆ ಯಾರೂ ಮಾಡಿರಲಿಲ್ಲ.

ಪೊಯಾದಾ ಎಂದರೆ ಕೋಳಿಯೂಟ ಮಾರಿ ಹಣ ಕೂಡಿಸುವುದು. ಭಾನುವಾರ ಮಧ್ಯಾಹ್ನ ಯಾರದೋ ಅಂಗಳದಲ್ಲಿ ದೊಡ್ಡ ಬಾಣಲೆ ಏರುತ್ತದೆ. ಕೆಂಪು ಮೆಣಸು, ಬೆಳ್ಳುಳ್ಳಿ, ಜೀರಿಗೆ ಅರೆದು ಹಚ್ಚಿ ಹಿಂದಿನ ದಿನವೇ ನೆನೆಯಲು ಬಿಟ್ಟ ಕೋಳಿ ಎಣ್ಣೆಗೆ ಬೀಳುತ್ತದೆ. ಮುಂಚೆಯೇ ಚೀಟಿ ಕೊಂಡವರು ಬಂದು ತಟ್ಟೆ ಇಸಿದುಕೊಂಡು ಹೋಗುತ್ತಾರೆ, ಇಲ್ಲವೇ ಅಲ್ಲೇ ಕೂತು ತಿಂದು, ಬಿಯರ್ ಕುಡಿದು, ಕುಣಿದು ಹೋಗುತ್ತಾರೆ. ಖರ್ಚು ಕಳೆದು ಮಿಕ್ಕದ್ದು ಕಷ್ಟದಲ್ಲಿರುವವರ ಕೈಗೆ. ನನ್ನ ಅವ್ವ ಮಣ್ಣಿಗೆ ಹೋದದ್ದೂ ಹಾಗೆಯೇ. ಪೆಟ್ಟಿಗೆಯಿಲ್ಲದೆ ಹೂಳಿದರೆ ಆಗುವುದಿಲ್ಲವೇ ಎಂದು ಅವತ್ತು ಯಾರೂ ಕೇಳಲಿಲ್ಲ.

ಆದರೆ ಗೆಳತಿ ನೋರ್ಕಾಳಿಗಾಗಿ ನಾನು ಮಾತೆತ್ತಿದ ದಿನ ದೋನ್ಯಾ ಫೌಸ್ತಾ ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿ ನನ್ನನ್ನೇ ನೋಡಿದಳು. ಫೌಸ್ತಾ ನಮ್ಮ ಓಣಿಯ ಊಟದ ಮನೆ ನಡೆಸುವವಳು. ಅವಳು ಹೂಂ ಅನ್ನದೆ ಇಲ್ಲಿ ಒಂದು ಕೋಳಿಯೂ ಎಣ್ಣೆಗೆ ಬೀಳುವುದಿಲ್ಲ.

"ಗಡ್ಡಕ್ಕಾ? ನನ್ನ ಗಂಡ ಐವತ್ತು ವರ್ಷ ಒಂದು ಬ್ಲೇಡಲ್ಲಿ ಕಳೆದ. ಅವಳಿಗೇನು ರೋಗ?"

ರೋಗವಲ್ಲ ಎಂದು ನಾನು ಹೇಳಿದೆ. ನನಗೆ ತಿಳಿದದ್ದನ್ನು ಸೌಟು ಹಿಡಿದು ನಿಂತ ಹೆಂಗಸಿಗೆ ಎರಡು ಮಾತಿನಲ್ಲಿ ಹೇಳುವುದು ಹೇಗೆ?

ನೋರ್ಕಾ ಮತ್ತು ನಾನು ಎಂಟು ವರ್ಷಗಳಿಂದ ಒಂದೇ ಕೊಡೆಯಡಿ ವ್ಯಾಪಾರ ಮಾಡುತ್ತಿದ್ದೇವೆ. ಲಿಮಾದ ಕೋಮಾಸ್ ಬಡಾವಣೆಯಲ್ಲಿ ಬಸ್ಸು ನಿಲ್ಲುವ ಮೂಲೆಯಲ್ಲಿ ಅವಳದು ಕಷಾಯದ ಗಾಡಿ: ಹುರಿದ ಬಾರ್ಲಿ, ಅಗಸೆಬೀಜ, ಸೊಪ್ಪುಬೇರು, ಮೇಲೆ ನಿಂಬೆರಸ. ನನ್ನದು ಪಕ್ಕದ ಮೇಜು. ಬನ್ನಿನೊಳಗೆ ಬೆಣ್ಣೆಹಣ್ಣು ಅಥವಾ ಹುರಿದ ಸಿಹಿಗೆಣಸು ಇಟ್ಟು ಕೊಡುತ್ತೇನೆ. ಕೆಲಸಕ್ಕೆ ಹೊರಟವರು ನಿಂತುಕೊಂಡೇ ಅವಳದನ್ನು ಕುಡಿದು ನನ್ನದನ್ನು ತಿಂದು ಬಸ್ಸು ಹತ್ತುತ್ತಾರೆ. ಅವಳು ಕಷಾಯವನ್ನು ಒಂದು ಚೊಂಬಿನಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿಯುವಾಗ ಅದು ಅಗಸೆಯ ಲೋಳೆಯಿಂದ ಕಡಿಯದ ನೂಲಿನಂತೆ ಇಳಿಯುತ್ತದೆ. ಚಳಿಗಾಲದ ತುಂತುರಿನಲ್ಲಿ ಆ ಹಬೆಯ ನಡುವೆ ಅವಳ ಮುಖ ನೋಡಲು ಚೆಂದ. ಆ ಚೆಂದಕ್ಕೆ ಅವಳು ತೆರುವ ಬೆಲೆ ಏನೆಂದು ನೋಡಿದವಳು ನಾನೊಬ್ಬಳೇ.

ಮನೆ ಬಿಡುವ ಮುಂಚೆ ಒಂದು ಸಲ ಬೋಳಿಸಿಕೊಂಡು ಬರುತ್ತಾಳೆ. ಮಧ್ಯಾಹ್ನ ಪಕ್ಕದ ಅಂಗಡಿಯ ಪರದೆಯ ಹಿಂದೆ ಇನ್ನೊಂದು ಸಲ. ಪೌಡರಿನ ಕೆಳಗೆ ಚರ್ಮ ಕೆಂಡವಾಗಿರುತ್ತದೆ, ಕುತ್ತಿಗೆಯ ಹತ್ತಿರ ಕೀವು ಕಟ್ಟುತ್ತದೆ, ಹಬೆ ತಾಗಿದರೆ ಉರಿ. ಗಾಡಿ ತಂದು ನಿಲ್ಲಿಸಿದ ತಕ್ಷಣ ಅವಳು ಮಾಡುವ ಮೊದಲ ಕೆಲಸ ಬೀದಿದೀಪದ ಕೆಳಗೆ ಬಂದು ನನ್ನ ಕಡೆ ಗಲ್ಲ ಎತ್ತುವುದು.

"ಸರಿ ಇದ್ಯಾ ನೋಡಿ ಹೇಳು ಅಕ್ಕ."

ನಾನು ನೋಡುತ್ತೇನೆ. ಎಡಗಡೆ, ಬಲಗಡೆ, ತುಟಿಯ ಮೇಲೆ. "ಸರಿ ಇದೆ" ಅನ್ನುತ್ತೇನೆ. ಆಮೇಲೆ ಒಲೆ ಹಚ್ಚುತ್ತಾಳೆ. ನನ್ನ ಬಾಯಿಂದ ಆ ಎರಡು ಮಾತು ಬರುವವರೆಗೆ ಅವಳ ದಿನ ಶುರುವಾಗುವುದಿಲ್ಲ.

ಮುಟ್ಟು ನಿಂತ ಮೇಲೆ ನನ್ನ ಗದ್ದದ ಮೇಲೆಯೂ ಮೂರು ಬಿರುಸು ಕೂದಲು ಹುಟ್ಟಿಕೊಂಡಿವೆ. ಬಚ್ಚಲಿನ ಚಿಲಕ ಹಾಕಿಕೊಂಡು, ನಲ್ಲಿ ಬಿಟ್ಟುಕೊಂಡು, ಕಿತ್ತು ಹಾಕುತ್ತೇನೆ. ಮೂವತ್ತು ವರ್ಷದಿಂದ ಜೊತೆಗಿರುವ ನನ್ನ ಗಂಡನಿಗೂ ಗೊತ್ತಿಲ್ಲ. ಯಾರಿಗೂ ಹೇಳಿರಲಿಲ್ಲ. ಒಂದು ಬೆಳಗ್ಗೆ ನೋರ್ಕಾ ನನ್ನ ಕೈಗೆ ಒಂದು ಚಿಮುಟ ಇಟ್ಟಳು. "ಇದು ಹಳೇದಾಯ್ತು, ನೀನಿಟ್ಕೋ" ಅಂದಳು. ಅದರ ಕಾಗದ ಕೂಡ ಬಿಚ್ಚಿರಲಿಲ್ಲ. ಅಷ್ಟೇ, ಆ ವಿಷಯ ಮತ್ತೆ ಬರಲಿಲ್ಲ. ಮೂರು ಕೂದಲಿಗೆ ನಾನು ಇಷ್ಟು ಕುಗ್ಗುವುದಾದರೆ ಅವಳು ದಿನಾ ಎದ್ದು ಬರುವುದು ಹೇಗೆ ಎಂದು ಅವತ್ತು ಬನ್ನು ಕತ್ತರಿಸುತ್ತ ಯೋಚಿಸಿದೆ.

ಒಮ್ಮೆ ಎರಡು ವರ್ಷದ ಉಳಿತಾಯ ಸುರಿದು ಕೂದಲನ್ನು ಲೇಸರ್ ಬೆಳಕಿನಲ್ಲಿ ಸುಡುವ ಕಡೆ ಹೋಗಿಬಂದಿದ್ದಳು. ಆ ಬೆಳಕಿಗೆ ಕಪ್ಪು ಕೂದಲು ಮಾತ್ರ ಗುರುತು. ನೋರ್ಕಾಳಿಗೆ ನಲವತ್ತನಾಲ್ಕು, ಗಡ್ಡ ಮುಕ್ಕಾಲು ನರೆತಿತ್ತು. ಕಪ್ಪು ಹೋಯಿತು, ಬಿಳಿ ನಿಂತಿತು. ಬಿಳಿಗೆ ಮದ್ದೆಂದರೆ ಸೂಜಿ. ಒಂದೊಂದು ಕೂದಲಿನ ಬುಡಕ್ಕೂ ಸಣ್ಣ ಸೂಜಿ ಇಳಿಸಿ ವಿದ್ಯುತ್ತು ಹಾಯಿಸಿ ಬೇರನ್ನೇ ಸಾಯಿಸುವುದು. ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯುವ ಕೆಲಸ, ಅದಕ್ಕೆ ತಕ್ಕ ಹಣ. ಸರಕಾರಿ ಆಸ್ಪತ್ರೆಯ ಕಿಟಕಿಯಲ್ಲಿ ಕೂತವನು ಇದು ಅಂದಚೆಂದದ ಬಾಬತ್ತು ಎಂದು ಹೇಳಿ ಮುಂದಿನವರನ್ನು ಕರೆದನಂತೆ.

ದಾರಿ ತೋರಿಸಿದವಳು ಗ್ಲೆಂಡಾ. ಅವಳೂ ನೋರ್ಕಾಳಂತೆ ಗಂಡೆಂದು ಹೆಸರಿಟ್ಟು ಬೆಳೆಸಲ್ಪಟ್ಟು ಹೆಣ್ಣಾಗಿ ಬದುಕುತ್ತಿರುವವಳು. ಲಿಮಾದ ಉತ್ತರದ ಬಡಾವಣೆಗಳ ಇಂಥ ಹೆಂಗಸರೆಲ್ಲ ಸೇರಿ ಒಂದು ಹುಂಡಿ ಇಟ್ಟುಕೊಂಡಿದ್ದಾರೆ. ಕ್ಷೌರದಂಗಡಿ, ಹೊಲಿಗೆ, ಬೀದಿ, ಎಲ್ಲಿ ದುಡಿದರೂ ವಾರಕ್ಕಿಷ್ಟು ಎಂದು ಅದರೊಳಗೆ ಹಾಕುತ್ತಾರೆ. ವರ್ಷಕ್ಕೊಬ್ಬಳಿಗೆ ಸೂಜಿಯ ಸರದಿ. ಆದರೆ ಹುಂಡಿಗೆ ಒಂದು ಕಟ್ಟಳೆಯಿತ್ತು: ಅವಳ ಬೀದಿ ಎಷ್ಟು ಕೂಡಿಸುತ್ತದೋ ಹುಂಡಿಯೂ ಅಷ್ಟೇ ಕೊಡುತ್ತದೆ. ಬೀದಿ ಏನೂ ಕೊಡದಿದ್ದರೆ ಹುಂಡಿಯೂ ಕೊಡುವುದಿಲ್ಲ. ಇದೆಂಥ ಕಠಿಣ ನಿಯಮ ಎಂದು ನಾನು ಕೇಳಿದ್ದಕ್ಕೆ ಗ್ಲೆಂಡಾ ನಕ್ಕಳು. "ನಾವು ಕೂದಲು ತೆಗೆಸ್ಬಹುದು ಸಿನ್ಯೋರಾ. ಅಕ್ಕಪಕ್ಕದೋರ ಜೊತೆ ಬಾಳೋದು ಅವಳೇ ಅಲ್ವಾ?"

ಇದನ್ನೆಲ್ಲ ನಾನು ಫೌಸ್ತಾಳಿಗೆ ನಿಧಾನವಾಗಿ ಮೂರು ದಿನ ಹೇಳಿದೆ. ಮೂರನೆಯ ದಿನ ಅವಳು ಒಪ್ಪಿದಳು. ಮನಸ್ಸು ಕರಗಿ ಅಲ್ಲ, ನನ್ನ ಪೀಡೆ ತೊಲಗಲಿ ಎಂದು. ಅವಳೂ ತನ್ನ ನಿಯಮ ಹೇಳಿದಳು. ಹಿಂದಿನ ವರ್ಷ ಒಬ್ಬ ಹೆಂಡತಿಯ ಆಪರೇಷನ್ನು ಎಂದು ಚೀಟಿ ಮಾರಿದ್ದ. ಭಾನುವಾರ ಬಂದಾಗ ಕೋಳಿಯೂ ಇಲ್ಲ, ಹೆಂಡತಿಯೂ ಇಲ್ಲ, ಅವನೂ ಇಲ್ಲ. ಅಂದಿನಿಂದ ಯಾರಿಗಾಗಿ ಪೊಯಾದಾವೋ ಅವರೇ ಬಾಗಿಲಲ್ಲಿ ನಿಲ್ಲಬೇಕು, ಎಲ್ಲರೆದುರು ಮೊದಲ ಗ್ಲಾಸು ಅವರೇ ಕುಡಿದು ಪಕ್ಕದವರಿಗೆ ದಾಟಿಸಬೇಕು. ನಮ್ಮಲ್ಲಿ ಬಿಯರ್ ಕುಡಿಯುವುದೇ ಹಾಗೆ, ಎಷ್ಟು ಜನ ಕೂತರೂ ಗ್ಲಾಸು ಒಂದೇ. ಮೊದಲ ಗ್ಲಾಸು ಆಗುವ ತನಕ ಒಂದು ತಟ್ಟೆಯೂ ಹೊರಡುವುದಿಲ್ಲ. ಅವರು ಬರದಿದ್ದರೆ ಚೀಟಿಯ ಹಣ ವಾಪಸ್ಸು.

ಸೂಜಿ ಹಾಕುವ ಸಿನ್ಯೋರಾ ಇಲ್ಸೆ ಇರುವುದು ಊರಿನ ಆ ತುದಿಯಲ್ಲಿ, ಲಿನ್ಸೆಯಲ್ಲಿ. ಹುಂಡಿಯವರಿಗೆ ಕಡಿಮೆ ದರದಲ್ಲಿ ಮಾಡಿಕೊಡುತ್ತಾಳೆ, ಆದರೆ ಸರದಿಗಾಗಿ ತಿಂಗಳುಗಟ್ಟಲೆ ಕಾಯಬೇಕು. ಯಾರೋ ಬಿಟ್ಟುಹೋದ ಒಂದು ಜಾಗ ಖಾಲಿಯಾಗಿದೆ, ಒಂದು ಸೋಮವಾರ ಬರಬಹುದು ಎಂದು ಫೋನು ಬಂತು. ದಿನ ಗೊತ್ತುಮಾಡಿದವಳು ನಾನು. ಅದರ ಹಿಂದಿನ ಭಾನುವಾರವೇ ಪೊಯಾದಾ ಇಟ್ಟುಕೊಳ್ಳೋಣ, ಹಣ ಮನೆಯಲ್ಲಿ ಒಂದು ರಾತ್ರಿಗಿಂತ ಹೆಚ್ಚು ಮಲಗಬಾರದು, ಬೆಳಗ್ಗೆ ನೇರ ಒಯ್ದು ಕಟ್ಟಿಬಿಡೋಣ ಎಂದೆ. ಎಲ್ಲರಿಗೂ ಸರಿ ಅನ್ನಿಸಿತು. ನೋರ್ಕಾಳಿಗೂ. ಚೀಟಿ ಅಚ್ಚಾದವು. ಮೊದಲ ಕಂತೆಯನ್ನು ಅವಳು ಕಷಾಯದ ಜೊತೆಗೇ ಮಾರಿದಳು.

ಆ ವಾರದ ಗುರುವಾರ ಅವಳು ಮಾಸ್ಕು ಹಾಕಿಕೊಂಡು ಬಂದಳು. ದೀಪದ ಕೆಳಗೆ ಬಂದು ಗಲ್ಲ ಎತ್ತಲಿಲ್ಲ.

"ಏನಾಯ್ತೇ?"

"ಬೆಳಗ್ಗೆ ಬ್ಲೇಡು ಕೈಗೆ ತಗೊಂಡೆ ಅಕ್ಕ. ಆಗ ನೆನಪಾಯ್ತು." ಅವಳ ಧ್ವನಿ ಮಾಸ್ಕಿನೊಳಗೆ ಸಣ್ಣದಾಗಿತ್ತು. "ಸಿನ್ಯೋರಾ ಇಲ್ಸೆ ಹೆಸರು ಬರೆಸಿದ ದಿನಾನೇ ಹೇಳಿದ್ರು. ನಾಲ್ಕು ದಿನ ಮುಂಚೆಯಿಂದ ಬೋಳಿಸ್ಕೋಬೇಡ, ಕಾಣದಿರೋ ಕೂದಲಿಗೆ ಸೂಜಿ ಎಲ್ಲಿ ಹಾಕ್ಲಿ ಅಂತ."

ನನ್ನ ಕೈಯಲ್ಲಿದ್ದ ಬನ್ನು ಹಾಗೇ ನಿಂತಿತು. ಸೋಮವಾರದಿಂದ ನಾಲ್ಕು ದಿನ ಹಿಂದೆ ಎಣಿಸಿದರೆ ಗುರುವಾರ. ನಡುವೆ ಭಾನುವಾರ. ಇಡೀ ಓಣಿಯ ಎದುರು ಬಾಗಿಲಲ್ಲಿ ನಿಲ್ಲಬೇಕಾದ ಭಾನುವಾರ. ಗಡ್ಡ ತೆಗೆಸಲು ಹಣ ಕೂಡಿಸುವ ದಿನವೇ ಅವಳು ಗಡ್ಡ ಬಿಟ್ಟುಕೊಂಡು ಬರುವಂತೆ ನಾವು ಅಷ್ಟೂ ಜನ ಬುದ್ಧಿವಂತರು ಕೂತು ದಿನ ಇಟ್ಟಿದ್ದೆವು.

ಮುಂದೂಡಲು ನೋಡಿದೆ. ಕೋಳಿ ಬಂದು ಐಸಿನಲ್ಲಿ ಕೂತಿತ್ತು, ಚೀಟಿ ಮುಕ್ಕಾಲು ಮಾರಾಟವಾಗಿತ್ತು. ಗ್ಲೆಂಡಾ ಇಲ್ಸೆಗೆ ಫೋನು ಮಾಡಿದಳು. ಈ ಸೋಮವಾರ ತಪ್ಪಿದರೆ ಸರದಿ ಇನ್ನೊಬ್ಬಳಿಗೆ, ನೋರ್ಕಾಳ ಹೆಸರು ಸಾಲಿನ ಕೊನೆಗೆ. ಫೌಸ್ತಾಳ ಹತ್ತಿರ ಹೋಗಿ, ನೋರ್ಕಾಳಿಗೆ ಮೈ ಸರಿಯಿಲ್ಲ, ಮೊದಲ ಗ್ಲಾಸು ಅವಳ ಪರವಾಗಿ ನಾನು ಕುಡಿಯಲೇ ಎಂದು ಕೇಳಿದೆ.

"ಶೀತಾನಾ?" ಅಂದಳು ಫೌಸ್ತಾ. "ಹಂಗಾದ್ರೆ ಬಿಯರು ಬಿಸಿ ಮಾಡ್ಕೊಂಡು ಕುಡೀಲಿ. ಬರದೇ ಇದ್ರೆ ಹಣ ವಾಪಸ್ಸು."

ಶುಕ್ರವಾರ, ಶನಿವಾರ ಅವಳು ಮಾಸ್ಕಿನಲ್ಲೇ ಕಷಾಯ ಸುರಿದಳು. ಕೆಮ್ಮಿಗೆ ಮದ್ದು ಮಾರುವವಳೇ ಕೆಮ್ಮುತ್ತಿದ್ದಾಳೆ ಎಂದು ಗಿರಾಕಿಗಳು ಗೇಲಿ ಮಾಡಿದರು. ಅವಳು ಅವರಿಗಾಗಿ ಎರಡು ಸಲ ಕೆಮ್ಮಿಯೂ ತೋರಿಸಿದಳು. ಶನಿವಾರ ಸಂಜೆ ನನ್ನ ಅಡುಗೆಮನೆಯಲ್ಲಿ ಇಬ್ಬರೂ ಕೋಳಿಗೆ ಮಸಾಲೆ ಹಚ್ಚುತ್ತ ಕೂತೆವು. ಮೊಣಕೈವರೆಗೆ ಕೆಂಪು. ಅವಳು ಮಾಸ್ಕು ಕೆಳಗೆ ಎಳೆದಿರಲಿಲ್ಲ. ನನ್ನೆದುರಿಗೂ.

"ಬೋಳಿಸ್ಬಿಡ್ತೀನಿ ಅಕ್ಕ," ಅಂದಳು. "ಜನ ಬಂದು ತಿಂದು ಹೋಗ್ಲಿ. ಸೋಮವಾರ ಹೋದ್ರೆ ಹೋಗ್ಲಿ. ಎಂಟು ವರ್ಷದಿಂದ ಈ ಮೂಲೇಲಿ ಒಬ್ಬರೂ ನನ್ನ ಆ ಮುಖ ನೋಡಿಲ್ಲ. ನೋಡಿದ್ಮೇಲೆ ಅವರ ಕಣ್ಣಿಂದ ಅದನ್ನ ಯಾವ ಸೂಜಿ ತೆಗೆಯುತ್ತೆ?"

ನಾಚಿಕೆಪಡಬೇಡ ಎನ್ನುವುದು ಸುಲಭ. ನಾನೇ ಚಿಲಕ ಹಾಕಿಕೊಂಡು ನಲ್ಲಿ ಬಿಡುವವಳು. ಕೋಳಿಯ ತೊಡೆಗಳನ್ನು ಒಂದರ ಮೇಲೊಂದು ಜೋಡಿಸಿ ಮುಚ್ಚಿಟ್ಟೆ. ಹೋಗುವಾಗ ಅವಳು, ನಾಳೆ ಮಸಾಲೆಗೆ ಉಪ್ಪು ಇನ್ನೊಂದಿಷ್ಟು ಬೇಕಾಗಬಹುದು ಎಂದಳು. ಅಷ್ಟೇ.

ಭಾನುವಾರ ಅವಳನ್ನು ಕರೆಯಲು ಹೋದೆ. ಹಸಿರು ಲಂಗ, ಉದ್ದ ಓಲೆ, ಇಸ್ತ್ರಿ ಮಾಡಿದ ಬಿಳಿ ರವಿಕೆ ಹಾಕಿ ಹೊರಗೆ ಬಂದಳು. ಮುಖದ ಮೇಲೆ ಮಾಸ್ಕು. ಅದರ ಕೆಳಗೆ ಏನಿದೆ, ಏನಿಲ್ಲ ಎಂದು ನಾನು ಕೇಳಲಿಲ್ಲ. ಅವಳು ಹೇಳಲಿಲ್ಲ. ಗುಡ್ಡದ ಓಣಿಯ ಹಳದಿ ಮೆಟ್ಟಿಲು ಇಳಿಯುವಾಗ ನನ್ನ ತೋಳು ಹಿಡಿದುಕೊಂಡಳು.

ಅಂಗಳ ತುಂಬಿತ್ತು. ಬಾಣಲೆಯ ಮುಂದೆ ಗ್ಲೆಂಡಾ, ಎತ್ತರದ ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ಕೋಳಿ ಮಗುಚುತ್ತಿದ್ದಳು. ಧ್ವನಿವರ್ಧಕದಲ್ಲಿ ಕುಂಬಿಯಾ ಹಾಡು. ಚೀಟಿ ಹಿಡಿದವರ ಸಾಲು ಗೇಟಿನಾಚೆ ಹೋಗಿತ್ತು. ಕೆಲವರು ನೋರ್ಕಾಳಿಗಾಗಿ ಬಂದವರು, ಕೆಲವರು ಕೋಳಿಯ ವಾಸನೆಗೆ, ಇನ್ನು ಕೆಲವರು ಏನಾಗುತ್ತದೆ ನೋಡೋಣವೆಂದು. ಫೌಸ್ತಾ ಹಾಡು ನಿಲ್ಲಿಸಲು ಕೈ ಮಾಡಿ, ಬಾಟಲಿಯನ್ನೂ ಗ್ಲಾಸನ್ನೂ ತಂದು ನೋರ್ಕಾಳ ಎದುರು ಹಿಡಿದಳು.

ನೋರ್ಕಾ ಗ್ಲಾಸಿಗೆ ಬಿಯರ್ ಸುರಿದಳು. ಕಷಾಯ ಸುರಿದ ಹಾಗೆಯೇ, ಎತ್ತರದಿಂದ, ಒಂದು ಹನಿ ಹೊರಗೆ ಬೀಳದಂತೆ. ಆಮೇಲೆ ಎಡಗೈಯಿಂದ ಒಂದು ಕಿವಿಯ ದಾರ ಬಿಡಿಸಿದಳು, ಆಮೇಲೆ ಇನ್ನೊಂದು ಕಿವಿಯದನ್ನು. ಮಾಸ್ಕನ್ನು ಮಡಚಿ ಲಂಗದ ಜೇಬಿಗೆ ಹಾಕಿದಳು.

ಬೋಳಿಸಿರಲಿಲ್ಲ. ಗದ್ದದ ತುಂಬ, ತುಟಿಯ ಮೇಲೆ, ಕೆನ್ನೆಯ ಅರ್ಧದವರೆಗೆ ಬೂದಿಬಣ್ಣದ ಕೂದಲು. ಅದರ ನಡುವೆ ಒಪ್ಪವಾಗಿ ಹಚ್ಚಿದ ಕೆಂಪು ಲಿಪ್‌ಸ್ಟಿಕ್ಕು. ಮಾಸ್ಕಿನೊಳಗೆ ಯಾರಿಗೂ ಕಾಣದಿದ್ದರೂ ಹಚ್ಚಿಕೊಂಡು ಬಂದಿದ್ದಳು ಎನ್ನುವುದು ನನಗೆ ಆಗ ಹೊಳೆಯಿತು. ಅಂದರೆ ಮನೆಯಿಂದ ಹೊರಡುವಾಗಲೇ ತೀರ್ಮಾನ ಮಾಡಿದ್ದಳು.

ಯಾರೋ ಹೆಂಗಸು ಬಾಯಿಗೆ ಕೈ ಇಟ್ಟುಕೊಂಡಳು. ನೋರ್ಕಾ ಮುಖವನ್ನು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು, ಗಲ್ಲ ಎತ್ತಿದಳು. ದಿನಾ ಬೆಳಗ್ಗೆ ದೀಪದ ಕೆಳಗೆ ನನಗೆ ತೋರಿಸುವಂತೆ ಎಲ್ಲರಿಗೂ ತೋರಿಸಿದಳು.

"ಇದಕ್ಕೇ ನೀವು ಚೀಟಿ ತಗೊಂಡಿರೋದು," ಅಂದಳು. ಧ್ವನಿ ಗೇಟಿನವರೆಗೂ ಕೇಳಿಸಿತು. "ಸರಿಯಾಗಿ ನೋಡ್ಕೊಳಿ. ನನ್ನ ಪೊಯಾದಾದಲ್ಲಿ ಮೋಸ ಇಲ್ಲ."

ಹಿಂದಿನ ಸಾಲಿನಿಂದ ಆಟೋ ಓಡಿಸುವ ಒಬ್ಬ ಕೂಗಿದ. "ಥೇಟ್ ನಮ್ಮ ಮಾವನ ಹಾಗೇ ಕಾಣ್ತೀಯಲ್ಲಮ್ಮ."

ನೋರ್ಕಾ ಅವನ ಕಡೆ ಗ್ಲಾಸು ಎತ್ತಿದಳು.

"ಇವತ್ತೊಂದಿನ ನೋಡ್ಕೋ ತಮ್ಮ. ನಾಳೆಯಿಂದ ನಿಮ್ಮ ಮಾವನನ್ನೇ ಹುಡುಕ್ಕೊಂಡು ಹೋಗ್ಬೇಕು."

ಮೊದಲು ನಕ್ಕವಳು ಅವನ ಹೆಂಡತಿ. ಆಮೇಲೆ ಅಲ್ಲಲ್ಲಿ ಒಬ್ಬೊಬ್ಬರು. ನೋರ್ಕಾ ಗ್ಲಾಸನ್ನು ಒಂದೇ ಗುಟುಕಿಗೆ ಖಾಲಿ ಮಾಡಿದಳು. ನೊರೆ ಮೀಸೆಯ ಮೇಲೆ ನಿಂತಿತು. ಒರೆಸಿಕೊಳ್ಳಲಿಲ್ಲ. ಗ್ಲಾಸಿನ ತಳದ ನೊರೆಯನ್ನು ನೆಲಕ್ಕೆ ಕೊಡವಿ, ಮತ್ತೆ ತುಂಬಿಸಿ, ಪಕ್ಕದಲ್ಲಿದ್ದ ಫೌಸ್ತಾಳ ಮುಂದೆ ಚಾಚಿದಳು.

ಗ್ಲಾಸಿನ ಅಂಚಿಗೆ ಲಿಪ್‌ಸ್ಟಿಕ್ಕಿನ ಗುರುತು ಅಂಟಿತ್ತು. ಫೌಸ್ತಾ ಅದನ್ನು ನೋಡಿದಳು. ಆಮೇಲೆ ನೋರ್ಕಾಳ ಮುಖವನ್ನು ನೋಡಿದಳು, ಸಂತೆಯಲ್ಲಿ ಆಲೂಗಡ್ಡೆ ನೋಡುವಂತೆ, ಹತ್ತಿರದಿಂದ, ಅವಸರವಿಲ್ಲದೆ. ಅವಳು ಆ ಗ್ಲಾಸನ್ನು ಮುಟ್ಟದಿದ್ದರೆ ಸಾಲಿನಲ್ಲಿ ಅರ್ಧ ಜನ ಚೀಟಿ ವಾಪಸ್ಸು ಕೊಡುತ್ತಾರೆ ಎಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

"ಆ ಸೂಜಿ ನೋಯುತ್ತಾ?" ಎಂದು ಕೇಳಿದಳು.

"ನೋಯುತ್ತಂತೆ, ದೋನ್ಯಾ ಫೌಸ್ತಾ. ತುಟಿ ಮೇಲಂತೂ ಕಣ್ಣಲ್ಲಿ ನೀರು ಬರುತ್ತಂತೆ."

"ಎಷ್ಟು ಹೊತ್ತು?"

"ಒಂದೊಂದು ಸಲಕ್ಕೆ ಮೂರು ನಾಲ್ಕು ಗಂಟೆ. ವರ್ಷದ ಮೇಲೆ."

ಫೌಸ್ತಾ ಗ್ಲಾಸು ತೆಗೆದುಕೊಂಡಳು. ಅಂಚು ಒರೆಸಲಿಲ್ಲ, ತಿರುಗಿಸಲೂ ಇಲ್ಲ. ಕುಡಿದು, ನೊರೆ ಕೊಡವಿ, ಮುಂದಿನವರಿಗೆ ದಾಟಿಸಿ, ಬಾಣಲೆಯ ಕಡೆ ತಿರುಗಿದಳು.

"ಇವಳಿಗೆ ಎರಡು ತೊಡೆ ಹಾಕು," ಎಂದು ಗ್ಲೆಂಡಾಗೆ ಹೇಳಿದಳು. "ನಾಳೆ ಕೂತು ಸಹಿಸ್ಕೋಬೇಕಾದೋಳು."

ಎಲ್ಲರೂ ಹಾಗಿರಲಿಲ್ಲ. ಮೂಲೆಮನೆಯ ಹೆಂಗಸು ತನ್ನ ತಟ್ಟೆಗಳನ್ನು ಮುಚ್ಚಿಕೊಂಡು ನೋರ್ಕಾಳ ಕಡೆ ನೋಡದೆ ಹೋದಳು. ಒಬ್ಬ ಗ್ಲಾಸಿನ ಅಂಚನ್ನು ಅಂಗಿಯ ತುದಿಯಿಂದ ಎರಡು ಸಲ ಉಜ್ಜಿದ. ನೋರ್ಕಾ ಅದನ್ನು ನೋಡಿದಳು, ನೋಡಿಯೂ ಅವನ ತಟ್ಟೆಗೆ ಮೆಣಸಿನ ಚಟ್ನಿ ಧಾರಾಳವಾಗಿ ಬಡಿಸಿದಳು. ಸಂಜೆಯವರೆಗೂ ಆ ಮುಖ ಹೊತ್ತುಕೊಂಡೇ ಬಾಗಿಲಲ್ಲಿ ನಿಂತು ಚೀಟಿ ಇಸಿದುಕೊಂಡಳು, ಆ ಮುಖದಲ್ಲೇ ಕುಣಿದಳು. ಕೊನೆಗೆ ಪಾತ್ರೆಯಲ್ಲಿ ಬೇಯಿಸಿದ ಆಲೂಗಡ್ಡೆ ಮಾತ್ರ ಉಳಿಯಿತು. ಗ್ಲೆಂಡಾ ಚಪ್ಪಲಿ ಹಾಕಿಕೊಳ್ಳುತ್ತ, ಬೀದಿ ತನ್ನ ಪಾಲು ಕೊಟ್ಟಾಯಿತು, ಹುಂಡಿಯ ಪಾಲು ಬೆಳಗ್ಗೆ ಲಿನ್ಸೆಯಲ್ಲಿರುತ್ತದೆ ಎಂದಳು. ನಾನು ಎಣ್ಣೆಯಾದ ಕೈಯನ್ನು ಗದ್ದಕ್ಕೆ ಒರಗಿಸಿ ಕೂತಿದ್ದೆ. ಒಂದು ಕೂದಲು ಬೆರಳಿಗೆ ಚುಚ್ಚುತ್ತಿತ್ತು. ಕೀಳಬೇಕೆಂದು ಅವತ್ತು ಅನ್ನಿಸಲಿಲ್ಲ.

ಸೋಮವಾರ ಬೆಳಗ್ಗೆ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಮಾಸ್ಕು ಜೇಬಿನಲ್ಲೇ ಇತ್ತು. ಜನ ನೋಡಿದರು, ಅವಳು ಹೊರಗೆ ನೋಡಿದಳು. ಹಣದ ಚೀಲ ನನ್ನ ಮಡಿಲಲ್ಲಿತ್ತು.

ಸಿನ್ಯೋರಾ ಇಲ್ಸೆ ಬಿಳಿ ಕೂದಲಿನ ತೆಳ್ಳನೆಯ ಹೆಂಗಸು. ನೋರ್ಕಾಳನ್ನು ಒರಗುಕುರ್ಚಿಯಲ್ಲಿ ಮಲಗಿಸಿ, ಇನ್ನೂ ಹತ್ತಿಸದ ದೀಪವನ್ನು ಹತ್ತಿರ ಎಳೆದಿಟ್ಟು, ಭೂತಗನ್ನಡಿಯಲ್ಲಿ ಗದ್ದವನ್ನೆಲ್ಲ ಪರೀಕ್ಷಿಸಿದಳು. "ಚೆನ್ನಾಗಿ ಬೆಳೆಸಿದೀರಿ," ಅಂದಳು ಮೆಚ್ಚಿಕೆಯಿಂದ. "ಎಷ್ಟೋ ಜನ ತಡೀಲಾರದೆ ಹಿಂದಿನ ದಿನ ಬೋಳಿಸ್ಕೊಂಡು ಬಂದು ಅಳ್ತಾರೆ."

ನೋರ್ಕಾ ನಗಲು ಶುರುಮಾಡಿದಳು. ಕುರ್ಚಿ ಅಲುಗುವಷ್ಟು ನಕ್ಕಳು. ಆ ಗಡ್ಡವನ್ನು ಅವಳ ಜೀವಮಾನದಲ್ಲಿ ಯಾರೂ ಹೊಗಳಿರಲಿಲ್ಲ. ಸೂಜಿ ಹಿಡಿದವಳು ಅವಳ ನಗು ನಿಲ್ಲುವ ತನಕ ಕಾದಳು.

"ಎಲ್ಲಿಂದ ಶುರು ಮಾಡೋಣ? ಗದ್ದ ಸ್ವಲ್ಪ ಕಡಿಮೆ ನೋಯುತ್ತೆ. ತುಟಿ ಮೇಲೆ ತುಂಬ."

ನೋರ್ಕಾ ಕಣ್ಣು ಒರೆಸಿಕೊಂಡು, ಬೆರಳನ್ನು ಮೇಲ್ದುಟಿಯ ನಡುವೆ, ನಿನ್ನೆ ನೊರೆ ನಿಂತಿದ್ದ ಕಡೆ ಇಟ್ಟಳು.

"ಇಲ್ಲಿಂದ," ಅಂದಳು. "ಗ್ಲಾಸು ತಾಗೋ ಜಾಗದಿಂದ."

ಆಮೇಲೆ ನನ್ನ ಕಡೆ ಕೈ ಚಾಚಿದಳು. ನಾನು ಚೀಲವನ್ನು ನೆಲಕ್ಕಿಟ್ಟು ಆ ಕೈ ಹಿಡಿದುಕೊಂಡೆ. ದೀಪ ಹತ್ತಿತು.